ಕಡಲಿಲ್ಲದ ಆರೋಗ್ಯಧಾಮ: ಬಸವನಗುಡಿ, ಮಲ್ಲೇಶ್ವರ ಮತ್ತು ನಮ್ಮ ವೃಷಭಾವತಿ

ದೇವರ ದರ್ಶನಕ್ಕೆ, ಸಂತೆಗೆ, ಕೆಲಸಕ್ಕೆ, ಓದಿಗೆ ಎಂದು ಜನ ಊರಿಂದೂರಿಗೆ ಹೋಗುತ್ತಾರೆ. ಇವುಗಳ ಜೊತೆಗೆ ಇನ್ನೊಂದು ಹಳೆಯ ಕಾರಣವೂ ಇದೆ. ಅದು ಒಳ್ಳೆಯ ಗಾಳಿ ಮತ್ತು ನೀರು. "ಹವಾ ಬದಲಾವಣೆಗೆ ಹೋಗಿದ್ದಾರೆ" ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಹಲವರಿಗೆ ನೆನಪಿರಬಹುದು. ಕಾಯಿಲೆ ಬಿದ್ದು ಎದ್ದವರು ಕೆಲವು ವಾರ ಬೇರೆ ಊರಿನಲ್ಲಿದ್ದು ಬಂದರೆ ಮೈಗೆ ಕಸುವು ಬರುತ್ತದೆ ಎಂಬುದು ಆಗಿನ ನಂಬಿಕೆ.

ಹೀಗೆ ಗಾಳಿ ನೀರಿನಿಂದಲೇ ಬೆಳೆದ ಊರುಗಳು ಲೋಕದಲ್ಲಿ ಬಹಳ ಇವೆ. ಇಂಗ್ಲೆಂಡಿನ ಬ್ರೈಟನ್ ಎಂಬುದು ಮೊದಲು ಬೆಸ್ತರ ಊರು. ಸುಮಾರು 1750ರ ಹೊತ್ತಿಗೆ ರಿಚರ್ಡ್ ರಸೆಲ್ ಎಂಬ ವೈದ್ಯರು ಸಮುದ್ರಸ್ನಾನದಿಂದ ರೋಗ ವಾಸಿಯಾಗುತ್ತದೆ ಎಂದು ಪುಸ್ತಕ ಬರೆದರು. ಆಮೇಲೆ ಶ್ರೀಮಂತರು ಅಲ್ಲಿಗೆ ಧಾವಿಸಿದರು, ಅವರ ಹಿಂದೆ ರಾಜಮನೆತನದವರೂ ಬಂದರು. ಅಲ್ಲಿ ಸ್ನಾನಗೃಹ ಇಟ್ಟು ದೊಡ್ಡ ಹೆಸರು ಮಾಡಿದವರು ನಮ್ಮ ದೇಶದ ಪಟನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್. ಹಬೆಸ್ನಾನ ಮಾಡಿಸಿ ಮೈ ತಿಕ್ಕುವ ಅವರ ಕೆಲಸಕ್ಕೆ ಅಲ್ಲಿನ ಜನ ನಮ್ಮ 'ಚಂಪಿ'ಯ ಹೆಸರನ್ನೇ ಇಟ್ಟರು. ಇಂದು ನಾವು ಅಂಗಡಿಯಲ್ಲಿ ಕೊಳ್ಳುವ ಶಾಂಪೂ ಎಂಬ ಪದ ಹೀಗೆ ಭಾರತದಿಂದ ಹೋಗಿ ತಿರುಗಿ ಬಂದದ್ದು.

ನಮ್ಮ ಕರ್ನಾಟಕಕ್ಕೂ ಕಡಲತೀರವಿದೆ. ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ತರುಣ ರವೀಂದ್ರನಾಥ ಠಾಕೂರರು ಬಂದು ತಂಗಿದ್ದರು. ಪುತ್ತೂರು ಸೀಮೆಯ ಇರ್ದೆಯ ಬಳಿ ಬೆಂದ್ರುತೀರ್ಥ ಎಂಬ ಬಿಸಿನೀರಿನ ಬುಗ್ಗೆಯಿದೆ. ಆದರೆ ನಾನು ಬರೆಯಹೊರಟಿರುವುದು ಕಡಲೂ ಇಲ್ಲದ, ಬಿಸಿನೀರಿನ ಬುಗ್ಗೆಯೂ ಇಲ್ಲದ ಊರಿನ ಬಗ್ಗೆ. ನಾನು ಈ ಶಾಲೆಯಲ್ಲಿ ಓದಿ, ಮುಂದೆ ಬಸವನಗುಡಿಯಲ್ಲಿ ಇತಿಹಾಸದ ಮೇಷ್ಟ್ರಾಗಿ ಕೆಲಸ ಮಾಡಿದವನು. ಬೈರಮಂಗಲ ಕೆರೆಯ ಅಚ್ಚುಕಟ್ಟಿನ ನಮ್ಮ ಊರಿಗೂ ಆ ಬಸವನಗುಡಿಗೂ ಒಂದು ಸಂಬಂಧವಿದೆ. ಆ ಸಂಬಂಧ ನಮ್ಮ ಮಕ್ಕಳಿಗೆ ತಿಳಿದಿರಬೇಕು ಎಂಬುದೇ ಈ ಲೇಖನದ ಉದ್ದೇಶ.

ಗಾಳಿಗಾಗಿ ಬಂದವರು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಈ ಎತ್ತರವೇ ಅದರ ತಂಪಿಗೆ ಕಾರಣ. 1537ರಲ್ಲಿ ಕೆಂಪೇಗೌಡರು ಪೇಟೆ ಕಟ್ಟಿದಾಗ ಅಲ್ಲಿ ದೊಡ್ಡ ನದಿ ಇರಲಿಲ್ಲ. ಆದ್ದರಿಂದ ಕೆರೆಗಳನ್ನು ಕಟ್ಟಬೇಕಾಯಿತು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಕೆರೆಗಳು ಪೇಟೆಯ ಜನರಿಗೆ ನೀರು ಕೊಟ್ಟವು.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಬ್ರಿಟಿಷ್ ಸೈನ್ಯ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತು. ಅಲ್ಲಿನ ಹವೆ ಸೈನಿಕರಿಗೆ ಒಗ್ಗಲಿಲ್ಲ, ಜ್ವರದಿಂದ ನರಳಿದರು. ಹಾಗಾಗಿ 1809ರಲ್ಲಿ ದಂಡನ್ನು ಬೆಂಗಳೂರಿಗೆ ತಂದರು. ದಂಡು ಪ್ರದೇಶ ಹುಟ್ಟಿದ್ದು ಹೀಗೆ. 1864ರಲ್ಲಿ ಮದರಾಸಿನಿಂದ ರೈಲು ಬಂದ ಮೇಲೆ ಬಿಸಿಲ ನಾಡಿನವರು ಇಲ್ಲಿಗೆ ಬರುವುದು ಇನ್ನೂ ಸುಲಭವಾಯಿತು. ಅದಕ್ಕೂ ಮೊದಲೇ ಕಮಿಷನರ್ ಮಾರ್ಕ್ ಕಬ್ಬನ್ ನಂದಿಬೆಟ್ಟದ ಮೇಲೆ ಬಂಗಲೆ ಕಟ್ಟಿಸಿಕೊಂಡಿದ್ದರು. 1927ರಲ್ಲಿ ಮಹಾತ್ಮ ಗಾಂಧೀಜಿ ಕಾಯಿಲೆ ಬಿದ್ದಾಗ ವಿಶ್ರಾಂತಿಗೆ ಬಂದದ್ದು ಇದೇ ನಂದಿಬೆಟ್ಟಕ್ಕೆ. ಸುಮಾರು ಒಂದೂವರೆ ತಿಂಗಳು ಅಲ್ಲಿದ್ದು, ಆಮೇಲೆ ಬೆಂಗಳೂರಿನ ಕುಮಾರಕೃಪಾ ಕಡೆಗೆ ಇಳಿದು ಬಂದು ಚೇತರಿಸಿಕೊಂಡರು.

ಪ್ಲೇಗು ಕಟ್ಟಿಸಿದ ಬಡಾವಣೆಗಳು

ಹೊರಗಿನವರು ಒಳ್ಳೆಯ ಹವೆಗಾಗಿ ಬರುತ್ತಿದ್ದರೂ ಪೇಟೆಯೊಳಗಿನ ಜನರಿಗೆ ಅದು ದಕ್ಕುತ್ತಿರಲಿಲ್ಲ. ಕಿರಿದಾದ ಓಣಿಗಳು, ಒಂದಕ್ಕೊಂದು ಅಂಟಿಕೊಂಡ ಮನೆಗಳು, ತೆರೆದ ಚರಂಡಿಗಳು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಇದನ್ನು ಸರಿಪಡಿಸುವ ಕೆಲಸ ಶುರುವಾಯಿತು. 1892ರಲ್ಲಿ ಕೋಟೆಯ ಪಕ್ಕದಲ್ಲಿ ಚಾಮರಾಜಪೇಟೆ ರೂಪುಗೊಂಡಿತು. ನೇರವಾದ ಬೀದಿಗಳು, ಅವುಗಳಿಗೆ ಅಡ್ಡಬೀದಿಗಳು, ಅಳತೆ ಮಾಡಿದ ನಿವೇಶನಗಳು. ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ, 1896ರಲ್ಲಿ ನಗರಕ್ಕೆ ಕೊಳವೆಯ ಮೂಲಕ ನೀರು ತಂದರು.

1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಬಂತು. ಮುಂಬಯಿ ಪ್ರಾಂತ್ಯದಲ್ಲಿ ಎರಡು ವರ್ಷದಿಂದ ಜನರನ್ನು ಕೊಲ್ಲುತ್ತಿದ್ದ ರೋಗ ರೈಲಿನ ದಾರಿಯಲ್ಲಿ ಬೆಂಗಳೂರಿಗೂ ಹಬ್ಬಿತು. ಜನ ಮನೆಗಳನ್ನು ಬಿಟ್ಟು ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ನಮ್ಮ ಹಳ್ಳಿಗಳಲ್ಲಿಯೂ ಪ್ಲೇಗಿನ ಕಾಲದಲ್ಲಿ ಹೊಲದಲ್ಲಿ ಗುಡಿಸಲು ಹಾಕಿದ ಕಥೆಗಳನ್ನು ಅಜ್ಜಿಯರು ಹೇಳುತ್ತಿದ್ದರು. ಪ್ಲೇಗಮ್ಮ, ಪ್ಲೇಗು ಮಾರಮ್ಮ ಎಂಬ ಗುಡಿಗಳು ಆ ಭಯದ ಗುರುತಾಗಿ ಇಂದಿಗೂ ಉಳಿದಿವೆ.

ಈ ಹೊಡೆತದಿಂದ ಎರಡು ಹೊಸ ಬಡಾವಣೆಗಳು ಎದ್ದು ನಿಂತವು. ಪೇಟೆಯ ದಕ್ಷಿಣಕ್ಕೆ ಬಸವನಗುಡಿ, ವಾಯವ್ಯಕ್ಕೆ ಮಲ್ಲೇಶ್ವರ. ಎರಡೂ ಮೊದಲು ಹಳ್ಳಿಗಳ ಹೊಲಗಳೇ. ಬಸವನಗುಡಿ ಇರುವ ಜಾಗ ಸುಂಕೇನಹಳ್ಳಿ. ಅಲ್ಲಿ ರೈತರು ಕಡಲೆಕಾಯಿ ಬೆಳೆಯುತ್ತಿದ್ದರು ಎಂಬುದಕ್ಕೆ ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಯೇ ಸಾಕ್ಷಿ. ಮಲ್ಲೇಶ್ವರದ ಹಳೆಯ ಹೆಸರು ಮಲ್ಲಪುರ. ಶಿವಾಜಿಯ ಮಲಸಹೋದರ ಏಕೋಜಿ ಅಲ್ಲಿನ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ದಾನ ಮಾಡಿದ್ದನ್ನು 1669ರ ಶಾಸನ ಹೇಳುತ್ತದೆ.

ಕಾರಣ ತಪ್ಪು, ಫಲ ಸರಿ

ಇಲ್ಲಿ ಇತಿಹಾಸದ ಒಂದು ಸ್ವಾರಸ್ಯವಿದೆ. ರೋಗಗಳು ಕೆಟ್ಟ ಗಾಳಿಯಿಂದ ಬರುತ್ತವೆ ಎಂಬುದು ಆ ಕಾಲದಲ್ಲಿ ಬಹು ಜನರ ನಂಬಿಕೆ. ಪ್ಲೇಗಿನ ರೋಗಾಣುವನ್ನು ಅಲೆಕ್ಸಾಂಡ್ರೆ ಯೆರ್ಸಿನ್ 1894ರಲ್ಲೇ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದರು. 1897ರಲ್ಲಿ ಹಾಫ್ಕಿನ್ ಮುಂಬಯಿಯಲ್ಲಿ ಲಸಿಕೆ ಸಿದ್ಧಪಡಿಸಿದ್ದರು. ಇಲಿಯ ಮೈಮೇಲಿನ ಚಿಗಟ ರೋಗವನ್ನು ಹರಡುತ್ತದೆ ಎಂದು ಪಾಲ್ ಲೂಯಿ ಸಿಮೊಂಡ್ ತೋರಿಸಿಕೊಟ್ಟದ್ದು 1898ರಲ್ಲಿ, ಅಂದರೆ ಬೆಂಗಳೂರಿಗೆ ಪ್ಲೇಗು ಬಂದ ವರ್ಷವೇ. ಆದರೆ ಲೋಕ ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಬೇಕಾಯಿತು.

ಗಾಳಿ ಆಡಲಿ ಎಂದು ಅಗಲವಾದ ರಸ್ತೆ ಬಿಟ್ಟರು, ಮನೆಯ ಸುತ್ತ ಜಾಗ ಬಿಟ್ಟರು. ಅದರಿಂದ ಆದ ನಿಜವಾದ ಲಾಭ ಬೇರೆಯೇ. ಅಕ್ಕಿಪೇಟೆ, ತರಗುಪೇಟೆಗಳ ಧಾನ್ಯದ ಮಂಡಿಗಳಲ್ಲಿ ಇಲಿಗಳು ತುಂಬಿದ್ದವು. ಜನ ಆ ಮಂಡಿಗಳಿಂದ ದೂರ ಬಂದರು. ಗೋಡೆಗೆ ಗೋಡೆ ತಾಗದ ಮನೆಗಳಲ್ಲಿ ಬಾಳತೊಡಗಿದರು. ಶುದ್ಧ ನೀರು ಬಂತು, ಕೊಳೆ ಹೊರಗೆ ಹೋಯಿತು. ಬಸವನಗುಡಿ ಹುಟ್ಟಿನಿಂದಲೇ ಆರೋಗ್ಯದ ಊರಾಗಿರಲಿಲ್ಲ. ಅದನ್ನು ಜನ ಯೋಚಿಸಿ, ಹಣ ಹಾಕಿ, ದುಡಿದು ಹಾಗೆ ಮಾಡಿದರು.

ದುಡಿದವರು ಯಾರು ಎಂಬುದನ್ನೂ ಹೇಳಲೇಬೇಕು. ಈ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕಿರಿದಾದ ಕನ್ಸರ್ವೆನ್ಸಿ ಓಣಿಗಳಿವೆ. ಪೌರಕಾರ್ಮಿಕರು ಆ ಓಣಿಯಿಂದ ಬಂದು ಮಲ ತುಂಬಿದ ಬಕೆಟ್ಟುಗಳನ್ನು ಹೊತ್ತು ಹೋಗುತ್ತಿದ್ದರು. ಮುಂದಿನ ರಸ್ತೆಯಲ್ಲಿ ಅವರು ಕಾಣಿಸಿಕೊಳ್ಳಬಾರದೆಂಬ ಏರ್ಪಾಡು ಅದು. ನಿವೇಶನಗಳನ್ನು ಹಂಚುವಾಗಲೂ ಜಾತಿಯ ಲೆಕ್ಕಾಚಾರ ಇತ್ತು. 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸುವವರೆಗೂ ಈ ಆರೋಗ್ಯಧಾಮದ ಆರೋಗ್ಯ ಆ ತಲೆಗಳ ಮೇಲೆಯೇ ನಿಂತಿತ್ತು.

ನೋಡಬೇಕಾದ ಸ್ಥಳಗಳು

ನಮ್ಮ ಊರಿನವರು ಬೆಂಗಳೂರಿಗೆ ಹೋದರೆ ಮಾರುಕಟ್ಟೆ, ಆಸ್ಪತ್ರೆ, ಕಚೇರಿ ಕೆಲಸ ಮುಗಿಸಿ ಸಂಜೆ ಬಸ್ಸಿಗೆ ತಿರುಗಿ ಬರುತ್ತಾರೆ. ಒಂದು ದಿನ ಬಿಡುವು ಮಾಡಿಕೊಂಡು ಈ ಬಡಾವಣೆಗಳಲ್ಲಿ ಕಾಲಾಡಿಸಬೇಕು. ದೊಡ್ಡ ಬಸವಣ್ಣನ ಗುಡಿಯ ಒಂದೇ ಕಲ್ಲಿನ ಬಸವ, ಪಕ್ಕದ ದೊಡ್ಡ ಗಣೇಶ, ಕಹಳೆ ಬಂಡೆ, ಅಲ್ಲಿಂದ ಸ್ವಲ್ಪ ದೂರದಲ್ಲಿ ಗವಿಪುರದ ಗಂಗಾಧರೇಶ್ವರ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಗವಿಯೊಳಗಿನ ಲಿಂಗವನ್ನು ಮುಟ್ಟುತ್ತದೆ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದರ ಮೇಲೆ ಕೆಂಪೇಗೌಡರ ಗೋಪುರ ಇದೆ.

ಒಳ್ಳೆಯ ಹವೆ ಇದ್ದಲ್ಲಿ ಓದು ಬರಹವೂ ಬೆಳೆಯಿತು. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯಲ್ಲಿದೆ. ನ್ಯಾಷನಲ್ ಕಾಲೇಜು ಬಸವನಗುಡಿಯಲ್ಲಿದೆ. ಡಿ.ವಿ.ಜಿ. ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬುಲ್ ಟೆಂಪಲ್ ರಸ್ತೆಯಲ್ಲಿದೆ. ಮಾಸ್ತಿಯವರು ಗವಿಪುರದಲ್ಲಿ ಬಾಳಿದರು. ಸರ್ ಸಿ.ವಿ. ರಾಮನ್ ಅವರ ಮನೆ ಮಲ್ಲೇಶ್ವರದಲ್ಲಿದೆ. ಹಸಿವಾದರೆ ಗಾಂಧಿಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ದೋಸೆ ಇದೆ.

ನೀರನ್ನು ನೋಡಬೇಕೆಂದರೆ ಮಲ್ಲೇಶ್ವರಕ್ಕೆ ಹೋಗಬೇಕು. ಕಾಡು ಮಲ್ಲೇಶ್ವರ ದೇವಸ್ಥಾನದ ಎದುರು, ಮಣ್ಣಿನಲ್ಲಿ ಹೂತುಹೋಗಿದ್ದ ನಂದಿತೀರ್ಥ 1990ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂತು. ನಂದಿಯ ಬಾಯಿಂದ ನೀರು ಸದಾ ಹರಿದು ಕೆಳಗಿನ ಲಿಂಗದ ಮೇಲೆ ಬೀಳುತ್ತದೆ. ಹತ್ತಿರದಲ್ಲೇ 1882ರಲ್ಲಿ ಕರ್ನಲ್ ಸ್ಯಾಂಕಿ ಕಟ್ಟಿಸಿದ ಕೆರೆಯಿದೆ. ಹಿಂದೆ ಅದನ್ನು ಗಂಧದಕೋಟಿ ಕೆರೆ ಎನ್ನುತ್ತಿದ್ದರು.

ಆ ನೀರು ಎಲ್ಲಿಗೆ ಹೋಗುತ್ತದೆ?

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ದೊಡ್ಡ ಬಸವಣ್ಣನ ಪಾದದ ಬಳಿ ಒಂದು ಒರತೆ ಹುಟ್ಟಿ ನದಿಯಾಯಿತು ಎಂಬುದು ಜನರ ನಂಬಿಕೆ. ಬಸವ ಎಂದರೆ ವೃಷಭ, ಆದ್ದರಿಂದ ಅದು ವೃಷಭಾವತಿ. ಮಲ್ಲೇಶ್ವರದ ಕಡೆಯಿಂದಲೂ ಅದಕ್ಕೆ ಒಂದು ಕವಲು ಬಂದು ಸೇರುತ್ತದೆ. ಹೀಗೆ ಎರಡೂ ಆರೋಗ್ಯ ಬಡಾವಣೆಗಳ ಹೆಚ್ಚಿನ ನೀರು ಹರಿದು ಬರುವುದು ಈ ಒಂದೇ ಹೊಳೆಗೆ. ಮೈಸೂರು ರಸ್ತೆಯ ಗಾಳಿ ಆಂಜನೇಯನನ್ನು ದಾಟಿ, ಕೆಂಗೇರಿಯನ್ನು ದಾಟಿ, ಬಿಡದಿಯ ಬಳಿ ನಮ್ಮ ಬೈರಮಂಗಲ ಜಲಾಶಯಕ್ಕೆ ಬರುತ್ತದೆ. ಮುಂದೆ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ.

ಊರು ಬೆಳೆದಂತೆ ಹೆಸರಘಟ್ಟದ ನೀರು ಸಾಲಲಿಲ್ಲ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಅದೂ ಸಾಲದೆ 1974ರಲ್ಲಿ ಕಾವೇರಿಯ ನೀರು ಬಂತು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ನೀರನ್ನು ಪಂಪು ಮಾಡಬೇಕು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ನಮ್ಮವರು ಬಸ್ಸಿಳಿಯುವ ಜಾಗ ಒಂದು ಕಾಲಕ್ಕೆ ಕುಡಿಯುವ ನೀರಿನ ಕೆರೆ.

ಕಾವೇರಿಯಿಂದ ಬೆಟ್ಟ ಹತ್ತಿ ಬಂದ ನೀರು ಮನೆಗಳಲ್ಲಿ ಬಳಕೆಯಾಗಿ, ಕೊಳೆಯಾಗಿ, ಕಾರ್ಖಾನೆಗಳ ತ್ಯಾಜ್ಯವನ್ನೂ ಸೇರಿಸಿಕೊಂಡು ವೃಷಭಾವತಿಗೆ ಇಳಿಯಿತು. ಹೊಳೆ ನೊರೆಯಾಯಿತು, ಕಪ್ಪಾಯಿತು. ನಾನು ಈ ಶಾಲೆಯಲ್ಲಿ ಓದುವಾಗ ಕಾಲುವೆಯ ನೀರಿನಲ್ಲಿ ಎಮ್ಮೆ ತೊಳೆದು, ನಾವೂ ಮುಳುಗೆದ್ದು ತರಗತಿಗೆ ಬರುತ್ತಿದ್ದೆವು. ಇಂದು ಯಾವ ತಾಯಿಯೂ ಮಗುವನ್ನು ಆ ನೀರಿಗೆ ಇಳಿಸುವುದಿಲ್ಲ. ಅಚ್ಚುಕಟ್ಟಿನಲ್ಲಿ ಭತ್ತ ಹಿಂದೆ ಸರಿದು ಸೀಮೆಹುಲ್ಲು, ಬೇಬಿಕಾರ್ನ್ ಬಂದಿವೆ. ನೀರು ವರ್ಷವಿಡೀ ಬರುತ್ತದೆ. ಆದರೆ ಕೈ ಹಾಕಲು ಹೆದರಿಕೆ.

1898ರಲ್ಲಿ ಒಂದು ಊರನ್ನು ಆರೋಗ್ಯವಾಗಿಡಲು ಕೊಳೆಯನ್ನು ಊರಾಚೆ ಸಾಗಿಸಿದರು. ಆಗ ಊರಾಚೆ ಎಂದರೆ ಬರೀ ಬಯಲು ಎಂದುಕೊಂಡಿದ್ದರು. ಆ ಬಯಲಿನಲ್ಲಿಯೂ ಊರುಗಳಿವೆ, ಶಾಲೆಗಳಿವೆ, ನಾವಿದ್ದೇವೆ. ಮೊದಲು ಕೊಳೆ ಹಿಂದಿನ ಓಣಿಯಲ್ಲಿ ಹೋಗುತ್ತಿತ್ತು, ಈಗ ಹೊಳೆಯಲ್ಲಿ ಹೋಗುತ್ತಿದೆ. ಎರಡೂ ಕಡೆ ಅದನ್ನು ಹೊತ್ತವರು ಮುಂಬಾಗಿಲಿನವರ ಕಣ್ಣಿಗೆ ಬೀಳಲಿಲ್ಲ.

ಆದರೂ ನಾನು ನಿರಾಶನಲ್ಲ. ಒಂದು ಮಹಾಮಾರಿಯ ನಡುವೆ, ರೋಗದ ಕಾರಣವೂ ಸರಿಯಾಗಿ ತಿಳಿಯದ ಕಾಲದಲ್ಲಿ, ನಮ್ಮ ಹಿರಿಯರು ಹೊಸ ಬಡಾವಣೆಗಳನ್ನೇ ಕಟ್ಟಿದರು. ಇಂದು ಕಾರಣ ನಮಗೆ ಚೆನ್ನಾಗಿ ತಿಳಿದಿದೆ. ಕೊಳೆನೀರನ್ನು ಹುಟ್ಟಿದ ಕಡೆಯೇ ಪೂರ್ತಿ ಶುದ್ಧಮಾಡಿ ಬಿಡುವುದು ಹೇಗೆಂದೂ ತಿಳಿದಿದೆ. ಇನ್ನು ಬೇಕಾದದ್ದು ಅದನ್ನು ಕೇಳುವ ಜನ.

ಶಾಲೆಯ ಅಧ್ಯಾಪಕ ಮಿತ್ರರಿಗೆ ನನ್ನದೊಂದು ಸಲಹೆ ಇದೆ. ಪ್ರತಿ ವರ್ಷ ಹತ್ತನೆಯ ತರಗತಿಯ ಮಕ್ಕಳನ್ನು ಬಸವನಗುಡಿಗೆ ಕರೆದುಕೊಂಡು ಹೋಗಿ. ಬಸವಣ್ಣನಿಗೆ ಕೈಮುಗಿಸಿ, ಕಡಲೆಕಾಯಿ ಕೊಡಿಸಿ. ಬರುವಾಗ ಹೊಳೆಯ ದಾರಿ ಹಿಡಿದು, ಕೆಂಪಾಂಬುಧಿಯಲ್ಲಿ, ಗಾಳಿ ಆಂಜನೇಯನ ಬಳಿ, ಕೆಂಗೇರಿಯಲ್ಲಿ, ಕೊನೆಗೆ ನಮ್ಮ ಕೆರೆಯ ಏರಿಯ ಮೇಲೆ ನಿಲ್ಲಿಸಿ, ನಾಲ್ಕು ಬಾಟಲಿಗಳಲ್ಲಿ ನೀರು ತುಂಬಿಸಿ. ಅವನ್ನು ಪ್ರಯೋಗಶಾಲೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟು, ಮೇಲೆ ದಿನಾಂಕ ಬರೆಯಿಸಿ. ಮುಂದಿನ ಐವತ್ತು ವರ್ಷಗಳ ಇತಿಹಾಸವನ್ನು ನಮ್ಮ ಮಕ್ಕಳು ಆ ಬಾಟಲಿಗಳಿಂದಲೇ ಬರೆಯಬಹುದು. ನೂರನೆಯ ವರ್ಷದ ಸಂಚಿಕೆ ಬರುವ ಹೊತ್ತಿಗೆ ನಾಲ್ಕನೆಯ ಬಾಟಲಿಯ ನೀರೂ ತಿಳಿಯಾಗಿರಲಿ ಎಂದು ಹಾರೈಸುತ್ತೇನೆ.