ಸಂಘದ ಪುಸ್ತಕ ಯಾರ ಟ್ರಂಕಿನಲ್ಲಿದೆ?

ಕಮಲಾ ಹ್ಯಾರಿಸ್ 2020ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ಗೆದ್ದಾಗ ನಮ್ಮ ದೇಶದ ಟಿವಿಗಳೆಲ್ಲ ತಮಿಳುನಾಡಿನ ತುಳಸೇಂದ್ರಪುರಂಗೆ ಓಡಿದವು. ಅದು ಅವರ ತಾಯಿಯ ತಂದೆಯ ಊರು. ಆದ್ರೆ ಅಮೆರಿಕದಲ್ಲಿ ಇನ್ನೊಂದು ಬಳಗವೂ ಸಂಭ್ರಮದಲ್ಲಿತ್ತು. ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಕಮಲಾ ಸೇರಿದ್ದ 'ಆಲ್ಫಾ ಕಪ್ಪಾ ಆಲ್ಫಾ' ಎಂಬ ಸೊರೊರಿಟಿ ಅದು. 1908ರಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿನಿಯರು ಕಟ್ಟಿಕೊಂಡಿದ್ದು.

ಸೊರೊರಿಟಿ ಅಂದ್ರೆ ಅಕ್ಕತಂಗಿಯರ ಬಳಗ. ಕಾಲೇಜಿನಲ್ಲಿ ಸೇರ್ತಾರೆ, ಸಾಯೋವರೆಗೂ ಬಿಡೋದಿಲ್ಲ. ಹಿರಿಯಳು ಕಿರಿಯಳಿಗೆ ಕೆಲಸದ ದಾರಿ ತೋರಿಸ್ತಾಳೆ, ಚುನಾವಣೆಗೆ ನಿಂತರೆ ಬೆನ್ನಿಗೆ ನಿಲ್ತಾಳೆ. ಅದೇ ಹೋವರ್ಡ್‌ನಲ್ಲಿ 1913ರ ಜನವರಿಯಲ್ಲಿ 22 ವಿದ್ಯಾರ್ಥಿನಿಯರು 'ಡೆಲ್ಟಾ ಸಿಗ್ಮಾ ಥೀಟಾ' ಕಟ್ಟಿದರು. ಎರಡು ತಿಂಗಳೂ ಕಳೆದಿರಲಿಲ್ಲ, ಮಾರ್ಚ್ 3ಕ್ಕೆ ಮಹಿಳೆಯರ ಮತದಾನದ ಹಕ್ಕಿಗಾಗಿ ವಾಷಿಂಗ್ಟನ್ ಬೀದಿಯಲ್ಲಿ ಮೆರವಣಿಗೆ ಹೊರಟಿದ್ದರು.

ಈ 1913 ನಮಗೂ ದೊಡ್ಡ ವರ್ಷವೇ. ಬೆಂಗಳೂರಿನಲ್ಲಿ ಮಹಿಳಾ ಸೇವಾ ಸಮಾಜ ಹುಟ್ಟಿದ್ದು ಆಗಲೇ. ನಂಜನಗೂಡಿನಲ್ಲಿ ತಿರುಮಲಾಂಬ 'ಸತೀಹಿತೈಷಿಣೀ' ಗ್ರಂಥಮಾಲೆ ಶುರು ಮಾಡಿದ್ದೂ ಆಗಲೇ. 1928ರಲ್ಲಿ ಧಾರವಾಡದಲ್ಲಿ ಭಾಗೀರಥಿಬಾಯಿ ಪುರಾಣಿಕರು ವನಿತಾ ಸೇವಾ ಸಮಾಜ ಕಟ್ಟಿದರು. ಗಂಡ ಸತ್ತ ಹೆಣ್ಣುಮಕ್ಕಳಿಗೆ ಅಲ್ಲಿ ಆಸರೆಯೂ ಸಿಕ್ಕಿತು, ಓದೂ ಸಿಕ್ಕಿತು.

ಆದ್ರೆ ಇವೆಲ್ಲ ಪೇಟೆಯ ಕಥೆ. ಇಟಗಿಯಂಥ ಊರಿನ ಹೆಣ್ಣುಮಗಳಿಗೆ ಯಾವ ಬಳಗ ಇತ್ತು? ಕೊಪ್ಪಳ ಕಡೆ ಮಹಾದೇವ ದೇವಾಲಯ ಇರೋ ಇಟಗಿ ಬೇರೆ. ನಾನು ಹೇಳ್ತಿರೋದು ರೋಣದ ಕಡೆಯ ಇಟಗಿ, ಭೀಮಾಂಬಿಕೆಯ ಊರು. ದೇವರ ಹೆಸರಲ್ಲಿ ಹೆಣ್ಣುಮಕ್ಕಳು ಸೇರೋದು ಅಲ್ಲಿ ಹೊಸದೇನಲ್ಲ. ಭಜನೆಗೆ ಸೇರಬಹುದು, ಜಾತ್ರೆಗೆ ಹೋಗಬಹುದು. ಲೆಕ್ಕದ ಪುಸ್ತಕ ಮಾತ್ರ ಗಂಡಸರ ಕೈಯಲ್ಲೇ.

ಗದಗ ಸೀಮೆಗೆ ಲೆಕ್ಕದ ಪುಸ್ತಕ ಹೊಸದಾ? ಅಲ್ಲವೇ ಅಲ್ಲ. 1904ರಲ್ಲಿ ಸಹಕಾರಿ ಕಾಯ್ದೆ ಬಂತು. ಮರುವರ್ಷವೇ ಗದಗ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ನಮ್ಮ ನಾಡಿನ ಸಹಕಾರ ಚಳವಳಿಯ ಕಥೆ ಅಲ್ಲಿಂದಲೇ ಶುರುವಾಗುತ್ತೆ. ಆ ಕಥೆಯಲ್ಲಿ ನಾವು ಓದೋದು ಮಾತ್ರ ಗೌಡರ ಹೆಸರು. ಅವರ ಮನೆಯ ಗೌಡ್ತಿಯರ ಹೆಸರು ಯಾರಿಗೆ ಗೊತ್ತು?

ಬದಲಾವಣೆ ಬಂದಿದ್ದು ಎಂಬತ್ತು ವರ್ಷ ಬಿಟ್ಟು. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರಿ ಸಂಘಗಳು ಜಗಳಕ್ಕೆ ಸಿಕ್ಕಿ ಒಡೆದವು. ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇದ್ದ ಹತ್ತಿಪ್ಪತ್ತು ಜನ ತಮ್ಮದೇ ಚಿಕ್ಕ ಗುಂಪು ಮಾಡಿಕೊಂಡರು. ಅವು ನಡೆದವು ನೋಡಿ! 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು. ಈ ನಡುವೆ 1989ರಲ್ಲಿ ಬಿಜಾಪುರ, ಬೀದರ್, ಮೈಸೂರು ಜಿಲ್ಲೆಗಳಲ್ಲಿ ಮಹಿಳಾ ಸಮಖ್ಯಾ ಶುರುವಾಯಿತು. ಅದು ದುಡ್ಡಿಗಿಂತ ಮೊದಲು ಹೆಣ್ಣುಮಕ್ಕಳು ಕೂತು ಮಾತಾಡೋಕೆ ಒಂದು ಜಾಗ ಬೇಕು ಅಂತ 'ಸಂಘದ ಮನೆ' ಕಟ್ಟಿಸಿತು. 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಅಂಗನವಾಡಿ ಟೀಚರ್ ಮೂಲಕ ಸಂಘಗಳು ಹಳ್ಳಿಹಳ್ಳಿಗೆ ತಲುಪಿದವು.

ವಾರಕ್ಕೊಮ್ಮೆ ಹದಿನೈದಿಪ್ಪತ್ತು ಹೆಣ್ಣುಮಕ್ಕಳು ಕೂಡ್ತಾರೆ. ಉಳಿತಾಯ ಕಟ್ತಾರೆ. ಯಾರಿಗೆ ಸಾಲ, ಎಷ್ಟು, ಯಾವಾಗ ವಾಪಸ್ ಅಂತ ಅಲ್ಲೇ ತೀರ್ಮಾನ. ಠರಾವು ಪುಸ್ತಕದಲ್ಲಿ ಬರೀಬೇಕು, ಸಹಿ ಹಾಕಬೇಕು, ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಎದುರು ನಿಂತು ಮಾತಾಡಬೇಕು. ಊರಲ್ಲಿ ಇಡೀ ಆಯುಷ್ಯ 'ಬಸಪ್ಪನ ಹೇಂತಿ', 'ಗೌರವ್ವನ ಸೊಸಿ' ಅನ್ನಿಸಿಕೊಂಡವಳ ಹೆಸರು ಆ ಪುಸ್ತಕದಲ್ಲಿ ಅವಳದೇ ಹೆಸರಾಗಿ ಇರುತ್ತೆ. ಮೊದಮೊದಲು ಹೆಬ್ಬೆಟ್ಟು, ಆಮೇಲೆ ಸೊಟ್ಟಪಟ್ಟ ಸಹಿ.

ಇಂಜಿನಿಯರಿಂಗ್ ಲ್ಯಾಬ್‌ನಲ್ಲಿ ನಮ್ಮ ಬ್ಯಾಚ್‌ಗಳಲ್ಲಿ ಒಬ್ಬನೇ ವೈರ್ ಜೋಡಿಸ್ತಿದ್ದ, ಉಳಿದವರು ರೀಡಿಂಗ್ ಬರ್ಕೋತಿದ್ದರು. ಕಲಿತವನು ಅವನೊಬ್ಬನೇ! ಸಂಘದಲ್ಲೂ ಅಷ್ಟೇ. ಅಧ್ಯಕ್ಷೆ, ಕಾರ್ಯದರ್ಶಿ ಸರದಿ ಪ್ರಕಾರ ಬದಲಾಗುವ ಸಂಘದಲ್ಲಿ ಎಲ್ಲರೂ ವೈರ್ ಮುಟ್ತಾರೆ. ಪುಸ್ತಕ ಒಬ್ಬಳ ಹತ್ತಿರವೇ ಉಳಿದರೆ ಬೆಳೆಯೋದೂ ಅವಳೊಬ್ಬಳೇ.

ಈ ಕಲಿಕೆ ಎಲ್ಲಿಗೆ ಹೋಯ್ತು ಅಂತ ನೋಡಬೇಕಾದ್ರೆ ಪಂಚಾಯ್ತಿ ಕಡೆ ತಿರುಗಿ. ಕರ್ನಾಟಕ 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲೇ ಮಹಿಳೆಯರಿಗೆ 25% ಸ್ಥಾನ ಕೊಟ್ಟಿತ್ತು. 1993ರ ಕಾಯ್ದೆ ಅದನ್ನು ಮೂರನೇ ಒಂದಕ್ಕೆ ಏರಿಸಿತು, 2010ರಲ್ಲಿ ಅದು 50% ಆಯಿತು. ಕುರ್ಚಿ ಕೊಟ್ಟಿದ್ದು ಕಾನೂನು. ಆದ್ರೆ ಕುರ್ಚಿ ಮೇಲೆ ಕೂತು ಬಾಯಿ ಬಿಡೋದು ಯಾವ ಕಾನೂನಿಂದಲೂ ಬರಲ್ಲ. ಸಹಿ ಅವಳದು, ಆಡಳಿತ ಗಂಡಂದು ಅನ್ನೋ ಕಥೆ ನಾವು ಎಷ್ಟು ಸಲ ತೋರಿಸಿಲ್ಲ! ವಾರವಾರ ಸಂಘದಲ್ಲಿ ಸಾಲದ ಬಗ್ಗೆ ಜಗಳ ಆಡಿ ಬಗೆಹರಿಸಿದವಳಿಗೆ ಪಿಡಿಒ ಮುಂದೆ 'ಈ ಬಿಲ್ಲಿಗೆ ಲೆಕ್ಕ ಎಲ್ಲೈತ್ರಿ?' ಅಂತ ಕೇಳೋದು ಕಷ್ಟವಲ್ಲ. ಅದನ್ನೇ ಅವಳು ಅಷ್ಟು ವರ್ಷ ಕೇಳಿದ್ದಾಳೆ.

ಆದ್ರೆ ಈಗ ಸಂಘ ಅನ್ನೋ ಪದವೇ ಹಾಳಾಗುತ್ತಿದೆ. ಹಳ್ಳಿಗಳಲ್ಲಿ 'ಸಂಘದ ಸಾಲ' ಅಂದ್ರೆ ಬಹಳಷ್ಟು ಸಲ ಫೈನಾನ್ಸ್ ಕಂಪನಿಯ ಗುಂಪು ಸಾಲ. ಹೆಸರಿಗೆ ಅಲ್ಲೂ ಐದ್ಹತ್ತು ಹೆಣ್ಣುಮಕ್ಕಳೇ. ಆದ್ರೆ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ಕಟ್ಟಬೇಕು. ಅಲ್ಲಿ ಉಳಿತಾಯವಿಲ್ಲ, ಠರಾವಿಲ್ಲ, ಸರದಿ ಅಧ್ಯಕ್ಷೆ ಇಲ್ಲ. ಸಾಲ ಎಷ್ಟು ಅನ್ನೋದನ್ನು ಹೇಳುವವನು ಏಜೆಂಟ್, ಲೆಕ್ಕ ಅವನ ಮೊಬೈಲ್‌ನಲ್ಲಿ. ಅಕ್ಕತಂಗಿತನ ಅಲ್ಲಿ ಬರೀ ಜಾಮೀನು. ವಸೂಲಿಯ ಕಿರುಕುಳಕ್ಕೆ ಜನ ಊರು ಬಿಟ್ಟ ಸುದ್ದಿಗಳು ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು.

ಸುಗ್ರೀವಾಜ್ಞೆ ಏಜೆಂಟನ ಬಾಯಿಗೆ ಬೀಗ ಹಾಕಬಹುದು. ಅವನ ಮೊಬೈಲ್‌ನಲ್ಲಿರೋ ಲೆಕ್ಕವನ್ನು ಅದು ಇಟಗಿಯ ಯಾವ ಹೆಣ್ಣುಮಗಳ ಟ್ರಂಕಿಗೂ ತಂದು ಇಡೋದಿಲ್ಲ. ಸ್ತ್ರೀಶಕ್ತಿ ಸಂಘಗಳ ಹಳೇ ಠರಾವು ಪುಸ್ತಕಗಳು ಇಂಥ ಟ್ರಂಕುಗಳಲ್ಲಿ ಇನ್ನೂ ಇವೆ. ಕಣಗಿನಹಾಳದ ಕಥೆ ಬರೆದ ಹಾಗೆ ಅವುಗಳ ಕಥೆಯನ್ನೂ ಯಾರಾದರೂ ಬರೆಯೋದಾದ್ರೆ, ಹುಡುಕಬೇಕಾದ ದಾಖಲೆ ಅಲ್ಲಿದೆ. ಹೆಬ್ಬೆಟ್ಟಿನ ಪುಟಗಳಿಂದ ಶುರು ಮಾಡಬೇಕು.