ಉಕ್ಕಿನ ಎಳೆ ಕಾಂಕ್ರೀಟು

ಸಿಮೆಂಟು, ಮರಳು, ಜಲ್ಲಿಯ ಜೊತೆಗೆ ಗಿಡ್ಡ ಉಕ್ಕಿನ ತಂತಿ ತುಂಡುಗಳನ್ನೂ (ಎಳೆಗಳನ್ನೂ) ಕಲಸಿ ಮಾಡುವ ಕಾಂಕ್ರೀಟು. ತುಂಡುಗಳ ಉದ್ದ ಸಾಮಾನ್ಯವಾಗಿ 30ರಿಂದ 60 ಮಿ.ಮೀ., ದಪ್ಪ 0.5ರಿಂದ 1 ಮಿ.ಮೀ. ಕಾಂಕ್ರೀಟು ಭಾರವನ್ನು ತಾಳುತ್ತದೆ, ಎಳೆತಕ್ಕೆ ಬಿರಿಯುತ್ತದೆ. ಎಳೆತ ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿ ಅಲ್ಲಿ ಕಂಬಿ ಕಟ್ಟುವುದು ವಾಡಿಕೆ. ಎಳೆಗಳಾದರೋ ಎಲ್ಲ ದಿಕ್ಕಿಗೂ ಚದುರಿರುವುದರಿಂದ ಬಿರುಕು ಎಲ್ಲಿ ಹುಟ್ಟಿದರೂ ಅಡ್ಡ ಸಿಗುತ್ತವೆ.

ಆಲೋಚನೆ ಹಳೆಯದು. ಕ್ಯಾಲಿಫೋರ್ನಿಯಾದ ಎ. ಬೆರಾರ್ 1874ರಲ್ಲೇ ಕಬ್ಬಿಣದ ಚೂರು ಬೆರೆಸಿದ ಕೃತಕ ಕಲ್ಲಿಗೆ ಪೇಟೆಂಟ್ ಪಡೆದ. 1927ರಲ್ಲಿ ಅದೇ ರಾಜ್ಯದ ಜಿ. ಸಿ. ಮಾರ್ಟಿನ್ ಕಾಂಕ್ರೀಟ್ ಕೊಳವೆಗಳಿಗೆ ತಂತಿ ತುಂಡು ಬೆರೆಸುವ ವಿಧಾನಕ್ಕೆ ಪೇಟೆಂಟ್ ಮಾಡಿಸಿದ. 1943ರಲ್ಲಿ ಇಂಗ್ಲೆಂಡಿನಲ್ಲಿ ಕಾನ್‌ಸ್ಟಾಂಟಿನೆಸ್ಕೊ ಎಂಬಾತನದೂ ಒಂದು ಪೇಟೆಂಟ್ ಬಂತು. ಇವು ಯಾವುವೂ ಬಳಕೆಗೆ ಬೇರು ಬಿಡಲಿಲ್ಲ.

ವಿಷಯ ಪ್ರಯೋಗಶಾಲೆಗೆ ಹೊಕ್ಕದ್ದು 1963ರಲ್ಲಿ. ಜೇಮ್ಸ್ ರೊಮುಆಲ್ಡಿ ಮತ್ತು ಗಾರ್ಡನ್ ಬ್ಯಾಟ್ಸನ್ ಎಂಬ ಸಂಶೋಧಕರು ಬಿರುಕು ಬೆಳೆಯುವ ಬಗೆಯನ್ನು ಲೆಕ್ಕಕ್ಕೆ ತಂದು, ತಂತಿಗಳು ಹತ್ತಿರ ಹತ್ತಿರ ಇದ್ದಷ್ಟೂ ಕಾಂಕ್ರೀಟು ತಡವಾಗಿ ಬಿರಿಯುತ್ತದೆ ಎಂದು ವಾದಿಸಿದರು. ಮುಂದಿನ ಪ್ರಯೋಗಗಳು ಆ ಭರವಸೆಯನ್ನು ಪೂರ್ತಿ ಉಳಿಸಲಿಲ್ಲ. ಸಾಮಾನ್ಯ ಪ್ರಮಾಣದ ಎಳೆಗಳಿಂದ ಮೊದಲ ಬಿರುಕಿನ ಹೊತ್ತು ಅಷ್ಟೇನೂ ಮುಂದೆ ಹೋಗುವುದಿಲ್ಲ. ನಿಜವಾದ ಲಾಭ ಬಿರಿದ ನಂತರದ್ದು: ಬಿರುಕಿನ ಎರಡೂ ದಡಗಳನ್ನು ಹಿಡಿದ ಎಳೆ ಥಟ್ಟನೆ ತುಂಡಾಗದೆ ಉಜ್ಜುತ್ತಾ ನಿಧಾನವಾಗಿ ಕಿತ್ತು ಬರುತ್ತದೆ, ಆ ಕೀಳುವಿಕೆಯಲ್ಲಿ ಪೆಟ್ಟಿನ ಶಕ್ತಿ ಕರಗುತ್ತದೆ. ಆದ್ದರಿಂದ ಇದು ಗಡಸಿಗಿಂತ ಜಿಗುಟಿನ ಕಥೆ ಎನ್ನಬೇಕು.

ಹೀಗೆ ಗಮನ ಎಳೆಗಳ ಅಂತರದಿಂದ ಅವುಗಳ ಆಕಾರಕ್ಕೆ ಹೊರಳಿತು. ನೇರ ತಂತಿ ಸುಲಭವಾಗಿ ಜಾರುತ್ತಿತ್ತು. ಉದ್ದನೆಯವು ಮಿಕ್ಸರ್‌ನಲ್ಲಿ ಒಂದಕ್ಕೊಂದು ಸಿಕ್ಕಿ ಉಂಡೆಗಟ್ಟುತ್ತಿದ್ದವು. 1970ರ ದಶಕದಲ್ಲಿ ಬೆಲ್ಜಿಯಂನ ಬೆಕಾರ್ಟ್ ಕಂಪನಿಯ ಡ್ರಾಮಿಕ್ಸ್ ಎಂಬ ಎಳೆ ಎರಡಕ್ಕೂ ಉತ್ತರ ಕೊಟ್ಟಿತು. ತುದಿಗಳನ್ನು ಕೊಕ್ಕೆಯಂತೆ ಬಾಗಿಸಿ, ಎಳೆಗಳನ್ನು ನೀರಿನಲ್ಲಿ ಕರಗುವ ಅಂಟಿನಿಂದ ಪಟ್ಟಿ ಪಟ್ಟಿಯಾಗಿ ಜೋಡಿಸಿ ಕೊಟ್ಟರು. ಮಿಕ್ಸರ್ ತಿರುಗುತ್ತಿದ್ದಂತೆ ಅಂಟು ಬಿಟ್ಟು ಅವು ಹರಡಿಕೊಳ್ಳುತ್ತವೆ.

ಬಳಕೆ ಶುರುವಾದದ್ದು ನೆಲದಲ್ಲಿ. 1971ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಆಶ್‌ಲ್ಯಾಂಡ್ ಬಳಿ ಲಾರಿ ತೂಕದ ಕೇಂದ್ರದ ಹಾಸು, 1973ರಲ್ಲಿ ಐಡಹೊದ ರೈರಿ ಅಣೆಕಟ್ಟೆಯ ಸುರಂಗಕ್ಕೆ ಎಳೆ ಬೆರೆಸಿದ ಶಾಟ್‌ಕ್ರೀಟ್ (ಒತ್ತಡದಿಂದ ಚಿಮ್ಮಿಸಿ ಬಳಿಯುವ ಕಾಂಕ್ರೀಟು). ಸುರಂಗದ ಅಂಕುಡೊಂಕು ಬಂಡೆಗೆ ಜಾಲರಿ ಹೊಂದಿಸುವ ಕಷ್ಟ ತಪ್ಪಿದ್ದರಿಂದ ಈ ಎರಡನೆಯ ದಾರಿ ಬೇಗ ಬೆಳೆಯಿತು. ಗೋದಾಮಿನ ನೆಲಕ್ಕೆ ಘನ ಮೀಟರ್‌ಗೆ 20ರಿಂದ 40 ಕಿಲೊ ಎಳೆ ಹಾಕುವುದು ರೂಢಿ. ಮೇಲ್ಮೈಯಲ್ಲಿ ಇಣುಕುವ ಎಳೆ ತುಕ್ಕಿನ ಕಲೆ ಬಿಡುತ್ತದೆ, ಆದರೆ ತುಂಡುಗಳು ಬಿಡಿಬಿಡಿಯಾಗಿರುವುದರಿಂದ ತುಕ್ಕು ಒಳಕ್ಕೆ ಹಬ್ಬುವುದು ಕಡಿಮೆ.

ಒಪ್ಪಿತ ವಿನ್ಯಾಸ ಸೂತ್ರಗಳು ಬಹಳ ತಡವಾಗಿ ಬಂದವು. ಅಂತರರಾಷ್ಟ್ರೀಯ ಕಾಂಕ್ರೀಟ್ ಒಕ್ಕೂಟದ 2010ರ ಮಾದರಿ ಸಂಹಿತೆ ಅವುಗಳಿಗೆ ಜಾಗ ಕೊಟ್ಟಿತು. ಭಾರತದಲ್ಲಿ ಎಳೆ ಬೆರೆತ ಕಾಂಕ್ರೀಟಿನ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಎಸ್‌ಪಿ 46 ಮಾರ್ಗಸೂಚಿ ಇದೆ. ತೊಲೆ, ಕಂಬಗಳಲ್ಲಿ ಮಾತ್ರ ಮುಖ್ಯ ಕೆಲಸ ಇಂದಿಗೂ ಕಂಬಿಯದೇ.