ಮುರಬಾಡ ತಾಲೂಕು

ಮುರಬಾಡ ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಪೂರ್ವದಂಚಿನ ತಾಲೂಕು. ಪಶ್ಚಿಮಕ್ಕೆ ಕಲ್ಯಾಣ ಮತ್ತು ಅಂಬರನಾಥ, ಉತ್ತರಕ್ಕೆ ಶಹಾಪುರ, ದಕ್ಷಿಣಕ್ಕೆ ರಾಯಗಡ ಜಿಲ್ಲೆಯ ಕರ್ಜತ್. ಪೂರ್ವಕ್ಕೆ ಸಹ್ಯಾದ್ರಿ ಒಮ್ಮೆಗೇ ಎದ್ದು ನಿಲ್ಲುತ್ತದೆ. ಅದರ ನೆತ್ತಿಯ ಮೇಲಿರುವುದು ಪುಣೆ ಜಿಲ್ಲೆಯ ಜುನ್ನರ, ಆಂಬೇಗಾಂವ್ ಮತ್ತು ಅಹಿಲ್ಯಾನಗರ ಜಿಲ್ಲೆಯ ಅಕೋಲೆ ಸೀಮೆ. 2014ರ ಆಗಸ್ಟ್ 1ರಂದು ಪಾಲಘರ್ ಪ್ರತ್ಯೇಕ ಜಿಲ್ಲೆಯಾದ ಮೇಲೆ ಠಾಣೆಗೆ ಏಳು ತಾಲೂಕುಗಳು ಉಳಿದವು. ಅವುಗಳಲ್ಲಿ ಹಳ್ಳಿಗಾಡು ಎನ್ನಬಹುದಾದವು ಶಹಾಪುರ ಮತ್ತು ಮುರಬಾಡ ಮಾತ್ರ. 2011ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ ಸುಮಾರು 1 ಲಕ್ಷ 90 ಸಾವಿರ. ಇಂದಿನ ಠಾಣೆ ಜಿಲ್ಲೆಯ ಜನಸಂಖ್ಯೆ ಆಗಲೇ ಎಂಬತ್ತು ಲಕ್ಷ ದಾಟಿತ್ತು ಎಂಬುದನ್ನು ನೆನೆದರೆ ಈ ತಾಲೂಕು ಎಷ್ಟು ಸಣ್ಣದೆಂದು ಗೊತ್ತಾಗುತ್ತದೆ. ಡೊಂಬಿವಲಿ, ನವಿ ಮುಂಬಯಿಯ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಮುರಬಾಡ ಎಂದರೆ ಮಳೆಗಾಲದಲ್ಲಿ ಮಾಳಶೇಜ್ ಘಾಟಿಗೆ ಹೋಗುವಾಗ ದಾರಿಯಲ್ಲಿ ಸಿಗುವ ಒಂದು ಪೇಟೆ. ಆದರೆ ಈ ತಾಲೂಕಿಗೆ ಎರಡು ಸಾವಿರ ವರ್ಷಗಳ ಚರಿತ್ರೆಯಿದೆ. ವ್ಯಾಪಾರದ ಸರಕು, ವಿದ್ಯುತ್ತು, ನೀರು ಎಲ್ಲವೂ ಈ ನೆಲವನ್ನು ಹಾದು ಬೇರೆಯವರ ಊರಿಗೆ ಹೋಗುತ್ತ ಬಂದದ್ದೇ ಆ ಚರಿತ್ರೆಯ ಮುಖ್ಯ ಎಳೆ.

ನೆಲ ಮತ್ತು ನೀರು

ಸಹ್ಯಾದ್ರಿಯ ಈ ಭಾಗ ಬಸಾಲ್ಟ್ ಶಿಲೆಯದು. ಮಲೆನಾಡಿನಲ್ಲಿ ಗುಡ್ಡದಿಂದ ಗುಡ್ಡಕ್ಕೆ ನೆಲ ಮೆಲ್ಲಮೆಲ್ಲನೆ ಏರುವಂತೆ ಇಲ್ಲಿ ಏರುವುದಿಲ್ಲ; ಗದ್ದೆ ಮುಗಿದ ಸ್ವಲ್ಪ ದೂರಕ್ಕೇ ಕಡಿದಾದ ಬಂಡೆ ಶುರುವಾಗುತ್ತದೆ. ಹರಿಶ್ಚಂದ್ರಗಡದ ಒಳಬಾಗಿದ ಕೊಂಕಣಕಡಾ ಎಂಬ ಪ್ರಪಾತ ನೋಡುವುದು ಈ ತಾಲೂಕಿನ ಕಡೆಗೇ. ಅದರ ಬುಡದಲ್ಲಿರುವ ಬೇಲಪಾಡಾ ಮುರಬಾಡದ ಊರು. ಗೋರಖಗಡ, ಮಚ್ಛಿಂದ್ರಗಡ, ಸಿದ್ಧಗಡಗಳು ಈ ಗೋಡೆಗೆ ಆತು ನಿಂತ ಕೋಟೆಗಳು. ಮೊದಲೆರಡರ ಹೆಸರು ನಾಥಪಂಥದ ಗುರುಗಳದು.

ಈ ಏಣಿನ ಪಶ್ಚಿಮಕ್ಕೆ ಬಿದ್ದ ಮಳೆ ಕಾಳು, ಬಾರವಿ ಮುಂತಾದ ಹೊಳೆಗಳ ಮೂಲಕ ಉಲ್ಹಾಸ ನದಿ ಸೇರಿ, ಕಲ್ಯಾಣದ ಬದಿಯಿಂದ ಹಾದು ವಸಯಿ ಖಾರಿಯಲ್ಲಿ ಸಮುದ್ರ ಕಾಣುತ್ತದೆ. ಇದೇ ಏಣಿನ ಮೇಲೆ, ಸಿದ್ಧಗಡದಿಂದ ದಕ್ಷಿಣಕ್ಕೆ, ಭೀಮಾಶಂಕರದಲ್ಲಿ ಹುಟ್ಟುವ ಭೀಮೆ ಮಾತ್ರ ಪೂರ್ವಕ್ಕೆ ತಿರುಗಿ ಪಂಢರಪುರ ಮುಟ್ಟಿ, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿದು ರಾಯಚೂರಿನ ಬಳಿ ಕೃಷ್ಣೆಯನ್ನು ಕೂಡುತ್ತದೆ. 1985ರಲ್ಲಿ ಘೋಷಣೆಯಾದ ಭೀಮಾಶಂಕರ ವನ್ಯಧಾಮದ ಒಂದು ತುಂಡು ಠಾಣೆ ಜಿಲ್ಲೆಯೊಳಗೂ ಚಾಚಿದೆ. ಮರಾಠಿಯಲ್ಲಿ ಶೇಕರು ಎಂದು ಕರೆಯುವ ಕೆಂದಳಿಲು ಅಲ್ಲಿಯದು. ಮಹಾರಾಷ್ಟ್ರದ ರಾಜ್ಯಪ್ರಾಣಿಯೂ ಅದೇ.

ವರ್ಷಕ್ಕೆ 2,500 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಸೀಮೆಯಿದು. ಬಯಲಿನಲ್ಲಿ ಭತ್ತ, ಇಳಿಜಾರಿನ ‘ವರಕಸ್’ ಜಮೀನಿನಲ್ಲಿ ನಾಚಣಿ ಎನ್ನುವ ರಾಗಿ ಮತ್ತು ವರಿ ಎನ್ನುವ ಸಾಮೆಯ ಜಾತಿಯ ಧಾನ್ಯ ಬೆಳೆಯುತ್ತಾರೆ. ಸಸಿಮಡಿ ಮಾಡುವ ಇಲ್ಲಿನ ರೀತಿಗೆ ‘ರಾಬ್’ ಎಂದು ಹೆಸರು. ಬೇಸಿಗೆಯಲ್ಲಿ ಮರದ ಸಣ್ಣ ಕೊಂಬೆಗಳನ್ನು ಸವರಿ, ಸಗಣಿ, ಒಣಸೊಪ್ಪು, ಹುಲ್ಲನ್ನು ಮಡಿಯ ಮೇಲೆ ಪದರಪದರವಾಗಿ ಹಾಸಿ, ಮೇಲೆ ಮಣ್ಣು ಉದುರಿಸುತ್ತಾರೆ. ಗಾಳಿ ಬೀಸುವ ದಿಕ್ಕು ನೋಡಿ ಬೆಂಕಿ ಕೊಟ್ಟರೆ ಅದು ಉರಿಯದೆ ನಿಧಾನವಾಗಿ ಬೇಯುತ್ತ ಹೋಗುತ್ತದೆ. ಕಳೆಯ ಬೀಜ ಸಾಯುತ್ತದೆ, ಬೂದಿ ಮಣ್ಣಿಗೆ ಸೇರುತ್ತದೆ. ಮೊದಲ ಮಳೆಗೆ ಆ ಕಪ್ಪು ಮಡಿಯಲ್ಲಿ ಬಿತ್ತನೆ. ಬ್ರಿಟಿಷರ ಕಾಲದಲ್ಲಿ ಅರಣ್ಯ ಇಲಾಖೆ ಕಾಡಿಗೆ ಬೇಲಿ ಹಾಕಿದಾಗ ರೈತನಿಗೂ ಸರಕಾರಕ್ಕೂ ನಡೆದ ಜಗಳದಲ್ಲಿ ಈ ಸೊಪ್ಪಿನ ಹಕ್ಕು ದೊಡ್ಡ ವಿಷಯವಾಗಿತ್ತು.

ನಾಣೇಘಾಟ್

ತಾಲೂಕಿನ ವೈಶಾಖರೆ ಗ್ರಾಮದ ಆಚೆ ಕಾಡುದಾರಿ ಹಿಡಿದು ಹತ್ತಿದರೆ ನಾಣೇಘಾಟ್ ಸಿಗುತ್ತದೆ. ಕಣಿವೆಯ ಬಾಯಿ ಜುನ್ನರ ತಾಲೂಕಿಗೆ ಸೇರಿದ್ದು, ಏರುವ ದಾರಿ ಮುರಬಾಡದ್ದು. ಪ್ರಾಚೀನ ಬಂದರುಗಳಾದ ಕಲ್ಯಾಣ, ಸೋಪಾರಗಳಲ್ಲಿ ಇಳಿದ ಸರಕು ಈ ಮೆಟ್ಟಿಲುಗಳನ್ನೇರಿ ಜುನ್ನರಕ್ಕೂ, ಅಲ್ಲಿಂದ ಶಾತವಾಹನರ ರಾಜಧಾನಿ ಪ್ರತಿಷ್ಠಾನಕ್ಕೂ ಹೋಗುತ್ತಿತ್ತು. ಈ ಕಲ್ಯಾಣ ಬಸವಣ್ಣನವರ ಕಲ್ಯಾಣವಲ್ಲ. ಗ್ರೀಕ್ ಭಾಷೆಯ ‘ಪೆರಿಪ್ಲಸ್’ ಗ್ರಂಥದಲ್ಲಿ ಕಲ್ಲಿಯೇನ ಎಂದು ಬರುವ ಸಮುದ್ರವ್ಯಾಪಾರದ ಊರು. ಜುನ್ನರ ಮತ್ತು ಕಾನ್ಹೇರಿಯ ಬೌದ್ಧ ಗುಹೆಗಳ ಶಾಸನಗಳಲ್ಲಿ ಕಲ್ಯಾಣದ ದಾನಿಗಳು ಕಾಣಿಸಿಕೊಳ್ಳುತ್ತಾರೆ.

ಘಾಟಿನ ನೆತ್ತಿಯಲ್ಲಿ ಒಂದು ಕಲ್ಲಿನ ಗುಡಾಣವಿದೆ. ಸುಂಕದ ನಾಣ್ಯ ಹಾಕಿಸಿಕೊಳ್ಳಲು ಇಟ್ಟದ್ದು ಅದು ಎಂಬುದು ಪರಂಪರೆಯ ಮಾತು. ಪಕ್ಕದ ಗುಹೆಯ ಎಡಬಲ ಗೋಡೆಗಳಲ್ಲಿ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನ ಉದ್ದಕ್ಕೂ ಹರಡಿದೆ. ಶಾತವಾಹನ ರಾಜ ಶಾತಕರ್ಣಿಯ ರಾಣಿ ನಾಗನಿಕೆಗೆ ಸಂಬಂಧಿಸಿದ ಈ ಬರಹವನ್ನು ಸಾಮಾನ್ಯವಾಗಿ ಕ್ರಿ.ಪೂ. 1ನೆಯ ಶತಮಾನದ್ದೆಂದು ಗಣಿಸುತ್ತಾರೆ. ಅಶ್ವಮೇಧ, ರಾಜಸೂಯ ಮೊದಲಾದ ಯಜ್ಞಗಳೂ, ದಕ್ಷಿಣೆಯಾಗಿ ಕೊಟ್ಟ ಹಸು, ಕುದುರೆ, ಆನೆ, ಕಾರ್ಷಾಪಣ ನಾಣ್ಯಗಳೂ ಅಂಕಿಸಂಖ್ಯೆಯ ಸಮೇತ ಅದರಲ್ಲಿ ನಮೂದಾಗಿವೆ. ಭಾರತದ ಅಂಕಿಗಳ ಬೆಳವಣಿಗೆಯನ್ನು ಅಧ್ಯಯನ ಮಾಡುವವರು ನಾಣೇಘಾಟನ್ನು ಬಿಟ್ಟು ಮುಂದೆ ಹೋಗಲಾರರು. 1828ರಲ್ಲಿ ವಿಲಿಯಂ ಸೈಕ್ಸ್ ಈ ಗುಹೆಯನ್ನು ವಿದ್ವಾಂಸರ ಗಮನಕ್ಕೆ ತಂದರು. ಶಾಸನವನ್ನು ಓದಿ ಅರ್ಥ ಬಿಡಿಸುವಲ್ಲಿ ಭಗವಾನ್‌ಲಾಲ್ ಇಂದ್ರಜಿ ಅವರ ಪರಿಶ್ರಮ ದೊಡ್ಡದು.

ಗುಹೆಯ ಹಿಂಗೋಡೆಯಲ್ಲಿ ಶಾತವಾಹನ ವಂಶದ ಸಿಮುಕ, ಶಾತಕರ್ಣಿ, ನಾಗನಿಕೆ, ರಾಜಕುಮಾರರ ಮೂರ್ತಿಗಳು ಸಾಲಾಗಿ ನಿಂತಿದ್ದವು. ಈಗ ಉಳಿದಿರುವುದು ಮೇಲೆ ಕೆತ್ತಿದ ಹೆಸರು, ಕೆಳಗೆ ಪಾದಗಳ ಗುರುತು, ಅಷ್ಟೆ. ಅವರ ಮುಖ ನೋಡಬೇಕಾದರೆ ಕನ್ನಡ ನಾಡಿಗೇ ಬರಬೇಕು: ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರ, ಭೀಮೆಯ ದಂಡೆಯ ಕನಗನಹಳ್ಳಿ ಸ್ತೂಪದಲ್ಲಿ ಸಿಮುಕನೂ ಸೇರಿದಂತೆ ಶಾತವಾಹನ ರಾಜರ ಉಬ್ಬುಶಿಲ್ಪಗಳು ಹೆಸರಿನ ಸಮೇತ ಸಿಕ್ಕಿವೆ. ಒಂದೇ ಮನೆತನದ ಎರಡು ರಾಜಪರಂಪರೆಯ ಸಾಲುಗಳು, ಒಂದು ಭೀಮೆ ಹುಟ್ಟುವ ಬೆಟ್ಟಸಾಲಿನಲ್ಲಿ, ಇನ್ನೊಂದು ಅದು ಕನ್ನಡ ನೆಲದಲ್ಲಿ ಹರಿಯುವಲ್ಲಿ. ಇವೆರಡನ್ನೂ ಒಟ್ಟಿಗೆ ಇಟ್ಟು ಶಾಲೆಯಲ್ಲಿ ಪಾಠ ಮಾಡಬೇಕು.

ಶಿಲಾಹಾರರಿಂದ ಪೇಶ್ವೆಯವರೆಗೆ

ರಾಷ್ಟ್ರಕೂಟರ ಸಾಮಂತರಾಗಿ ಉತ್ತರ ಕೊಂಕಣವನ್ನಾಳಿದ ಶಿಲಾಹಾರರ ಕಾಲದಲ್ಲಿ ಈ ಸೀಮೆಗೂ ಕನ್ನಡಕ್ಕೂ ಹತ್ತಿರದ ನಂಟಿತ್ತು. ಕಾನ್ಹೇರಿಯ ಶಾಸನಗಳು ಅಮೋಘವರ್ಷನನ್ನು ಅಧಿರಾಜನೆಂದು ನೆನೆಯುತ್ತವೆ. ಶಿಲಾಹಾರರ ತಾಮ್ರಪಟಗಳಲ್ಲಿ ‘ನನ್ನಿಸಮುದ್ರ’ದಂಥ ಕನ್ನಡ ಬಿರುದುಗಳಿವೆ. ಮುರಬಾಡದ ನೆರೆಯ ಅಂಬರನಾಥದ ಶಿವಾಲಯ ಅವರದೇ. ಅದರ ಶಾಸನದ ಕಾಲ ಕ್ರಿ.ಶ. 1060. ಮುಂದೆ 1657ರಲ್ಲಿ ಶಿವಾಜಿ ಕಲ್ಯಾಣ, ಭಿವಂಡಿಗಳನ್ನು ಹಿಡಿದಾಗ ಘಾಟಿನ ದಾರಿಗಳ ಒಡೆತನಕ್ಕೆ ಹೊಸ ಬೆಲೆ ಬಂತು. 1818ರ ಹೊತ್ತಿಗೆ ಪೇಶ್ವೆಯ ಆಡಳಿತ ಮುಗಿದು ಕಂಪನಿಯದು ಬಂತು. ಬೆಟ್ಟದ ಮಹಾದೇವ ಕೋಳಿ ಬುಡಕಟ್ಟಿನವರು ಅದಕ್ಕೆ ಸುಲಭವಾಗಿ ಬಗ್ಗಲಿಲ್ಲ. ಸಹ್ಯಾದ್ರಿಯಲ್ಲಿ ಬಂಡೆದ್ದ ರಾಘೋಜಿ ಭಾಂಗರೆಯನ್ನು 1848ರ ಮೇ 2ರಂದು ಠಾಣೆಯ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು.

ಸಿದ್ಧಗಡ, 1943

ತಾಲೂಕಿನ ಜನ ಮರೆಯದ ದಿನ ಜನವರಿ 2. ವಿಠ್ಠಲ ಲಕ್ಷ್ಮಣ ಕೋತವಾಲ್, ಎಂದರೆ ಭಾಯಿ ಕೋತವಾಲ್, ಹುಟ್ಟಿದ್ದು 1912ರ ಡಿಸೆಂಬರ್ 1ರಂದು, ಮಾಥೇರಾನಿನ ಕ್ಷೌರಿಕ ಕುಟುಂಬದಲ್ಲಿ. ಕಾನೂನು ಓದಿ ವಕೀಲರಾದರು, ಮಾಥೇರಾನ್ ಪುರಸಭೆಯ ಉಪಾಧ್ಯಕ್ಷರಾದರು. ಬೆಟ್ಟದ ಬುಡದ ಹಳ್ಳಿಗಳಲ್ಲಿ ಶಾಲೆ ತೆರೆದರು. ಮಳೆಗಾಲದ ಹಸಿವಿಗೆ ಸಾಹುಕಾರನ ಮನೆ ಬಾಗಿಲಿಗೆ ಹೋಗಿ ಸಾಲದ ಸುಳಿಗೆ ಬೀಳುತ್ತಿದ್ದ ರೈತರಿಗಾಗಿ ಧಾನ್ಯದ ಕೋಠಿಗಳನ್ನು ಕಟ್ಟಿದರು. 1942ರ ಚಲೇಜಾವ್ ಚಳವಳಿಯಲ್ಲಿ ಭೂಗತರಾದದ್ದು ಈ ಊರುಗಳ ನಂಬಿಕೆಯ ಬಲದಿಂದಲೇ.

ಅವರ ‘ಆಜಾದ್ ದಸ್ತೆ’ ಎಂಬ ಭೂಗತ ದಳ ಆರಿಸಿಕೊಂಡ ಗುರಿ ಮುಂಬಯಿಗೆ ವಿದ್ಯುತ್ ಒಯ್ಯುವ ಗೋಪುರಗಳು. ಗೋಪುರದ ಕಾಲುಗಳನ್ನು ಗರಗಸದಿಂದ ಕೊಯ್ದು ಉರುಳಿಸಿದರೆ ನಗರದ ಕಾರ್ಖಾನೆಗಳು ನಿಲ್ಲುತ್ತಿದ್ದವು. ತಮ್ಮ ಮನೆಯಲ್ಲಿ ದೀಪವಿಲ್ಲದ ಜನ ತಲೆಯ ಮೇಲೆ ಹಾದುಹೋಗುವ ತಂತಿಯನ್ನು ಕೆಡವಿದರು ಎಂಬುದನ್ನು ಗಮನಿಸಬೇಕು. ಸರಕಾರ ಇನಾಮು ಸಾರಿತು, ಬೇಟೆ ಶುರುವಾಯಿತು. 1943ರ ಜನವರಿ 2ರ ಬೆಳಗಿನ ಜಾವ ಪೊಲೀಸರು ಸಿದ್ಧಗಡದ ಕಾಡಿನಲ್ಲಿ ದಸ್ತೆಯ ಬೀಡನ್ನು ಮುತ್ತಿ ಗುಂಡು ಹಾರಿಸಿದರು. ಭಾಯಿ ಕೋತವಾಲ್ ಮತ್ತು ಹಿರಾಜಿ ಗೋಮಾಜಿ ಪಾಟೀಲ್ ಅಲ್ಲೇ ಸತ್ತರು. ಕೋತವಾಲರಿಗೆ ಆಗ ಮೂವತ್ತು ವರ್ಷ. ಪ್ರತಿವರ್ಷ ಆ ದಿನ ಮುರಬಾಡ, ಕರ್ಜತ್ ಎರಡೂ ಕಡೆಯಿಂದ ಜನ ಸಿದ್ಧಗಡದಲ್ಲಿ ಸೇರುತ್ತಾರೆ. ಚಲೇಜಾವ್ ಚಳವಳಿಯ ಚರಿತ್ರೆಯಲ್ಲಿ ಈ ಇಬ್ಬರಿಗೆ ಇನ್ನೂ ದೊಡ್ಡ ಜಾಗ ಸಲ್ಲಬೇಕು.

ಜನ

ಕುಣಬಿ, ಮರಾಠಾ, ಆಗ್ರಿ ರೈತರ ಜೊತೆಗೆ ಠಾಕೂರ್, ಮಹಾದೇವ ಕೋಳಿ, ವಾರ್ಲಿ ಮತ್ತು ಕಾತಕರಿ ಬುಡಕಟ್ಟುಗಳು ಇಲ್ಲಿವೆ. ಕಾತಕರಿಗಳದು ವಿಶೇಷವಾಗಿ ದುರ್ಬಲವೆಂದು ಕೇಂದ್ರ ಸರಕಾರ ಗುರುತಿಸಿದ ಬುಡಕಟ್ಟುಗಳಲ್ಲಿ ಒಂದು. ಖೈರದ ಮರದ ತಿರುಳನ್ನು ಕುದಿಸಿ ಕಾಚು ತೆಗೆಯುವುದು ಅವರ ಮೂಲ ಕಸುಬು. ಕಾಡು ಸರಕಾರದ್ದಾದ ಮೇಲೆ ಆ ಕಸುಬು ಹೋಯಿತು; ಇದ್ದಿಲು ಸುಡುವ ಕೂಲಿ, ಆಮೇಲೆ ಇಟ್ಟಿಗೆಭಟ್ಟಿಯ ಕೂಲಿ ಬಂತು. ಮಳೆಗಾಲದ ಕಷ್ಟದಲ್ಲಿ ಭಟ್ಟಿಯ ಮಾಲೀಕನಿಂದ ಮುಂಗಡ ಪಡೆಯುತ್ತಾರೆ. ದೀಪಾವಳಿ ಕಳೆದ ಮೇಲೆ ಮಕ್ಕಳುಮರಿ ಸಮೇತ ಭಟ್ಟಿಗೆ ಹೋಗಿ ಮುಂದಿನ ಮಳೆಯವರೆಗೆ ದುಡಿದು ಅದನ್ನು ತೀರಿಸುತ್ತಾರೆ. ಮಕ್ಕಳ ಓದು ಆ ತಿಂಗಳುಗಳಲ್ಲಿ ನಿಲ್ಲುತ್ತದೆ. ಕಲ್ಯಾಣ, ಡೊಂಬಿವಲಿಯ ಸುತ್ತ ಎದ್ದ ಎಷ್ಟೋ ಗೋಡೆಗಳಲ್ಲಿ ಇವರ ಕೈಯ ಇಟ್ಟಿಗೆಗಳಿವೆ.

ಪುಷ್ಯ ಹುಣ್ಣಿಮೆಗೆ ಮ್ಹಸಾ ಗ್ರಾಮದಲ್ಲಿ ಖಾಂಬಲಿಂಗೇಶ್ವರನ ಜಾತ್ರೆ. ಮ್ಹಸೋಬಾ ಎಂದೂ ಕರೆಯುವ ಈ ದೇವರ ಜಾತ್ರೆಗೆ ದನದ ಸಂತೆಯಿಂದ ಹೆಸರು. ಘಾಟಿನ ಮೇಲಿನವರೂ ಕೊಂಕಣದವರೂ ಎತ್ತಿನ ವ್ಯಾಪಾರಕ್ಕೆ ಕೂಡುತ್ತಾರೆ. ಚಳಿಯ ಹೊತ್ತಾದ್ದರಿಂದ ಕಂಬಳಿಯ ಅಂಗಡಿಗಳಿಗೂ ಭರ್ಜರಿ ಗಿರಾಕಿ.

ಅಣೆಕಟ್ಟುಗಳು

ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳ (ಎಂಐಡಿಸಿ) 1972ರಲ್ಲಿ ಬಾರವಿ ಅಣೆಕಟ್ಟು ಕಟ್ಟಿತು. ಅದರ ನೀರು ಜಾಂಭೂಳದಲ್ಲಿ ಶುದ್ಧವಾಗಿ ಡೊಂಬಿವಲಿಯ ಕಾರ್ಖಾನೆಗಳಿಗೂ, ಠಾಣೆ ಜಿಲ್ಲೆಯ ನಗರಗಳಿಗೂ ಹೋಗುತ್ತದೆ. ನಗರ ಬೆಳೆದಂತೆ ಅಣೆಕಟ್ಟಿನ ಎತ್ತರವೂ ಬೆಳೆಯಿತು. ಪ್ರತಿ ಏರಿಕೆಗೂ ಮುರಬಾಡದ ಕಡೆಯ ಹೊಲಮನೆಗಳು ನೀರಿನ ಪಾಲಾದವು. ಇಷ್ಟು ಮಳೆಯ ನಾಡಿನ ಎಷ್ಟೋ ಪಾಡಾಗಳಲ್ಲಿ, ಎಂದರೆ ಸಣ್ಣ ಕೇರಿಗಳಲ್ಲಿ, ಏಪ್ರಿಲ್, ಮೇ ತಿಂಗಳಲ್ಲಿ ಹೆಂಗಸರು ಕೊಡ ಹೊತ್ತು ದೂರದ ಬಾವಿಗೆ ನಡೆಯುತ್ತಾರೆ. ಬಸಾಲ್ಟ್ ಬಂಡೆ ನೀರನ್ನು ಇಂಗಿಸಿಕೊಳ್ಳುವುದು ಕಡಿಮೆ ಎಂಬುದು ನಿಜ. ಆದರೆ ಕಾರಣ ಅದೊಂದೇ ಅಲ್ಲ. ತಡೆದ ನೀರನ್ನೆಲ್ಲ ಕೊಳವೆಯಲ್ಲಿ ಕೆಳಗೆ ಕಳಿಸಿ, ಮೇಲಿನ ಊರಿಗೊಂದು ನಲ್ಲಿ ಕೊಡದಿರುವುದು ಮನುಷ್ಯರ ತೀರ್ಮಾನ.

ಕಾಳು ನದಿಗೂ ಮುಂಬಯಿ ಮಹಾನಗರ ಪ್ರದೇಶಕ್ಕಾಗಿ ಒಂದು ಅಣೆಕಟ್ಟು ನಿಗದಿಯಾಯಿತು. ಅರಣ್ಯದ ಅನುಮತಿ ಸಿಗುವ ಮೊದಲೇ ಕಾಮಗಾರಿ ಶುರುವಾದಾಗ ಆದಿವಾಸಿ ಹಳ್ಳಿಗಳು ಎದ್ದವು. ಶ್ರಮಿಕ ಮುಕ್ತಿ ಸಂಘಟನೆ ಬಾಂಬೆ ಹೈಕೋರ್ಟಿನ ಮೊರೆಹೋದದ್ದರಿಂದ 2012ರಲ್ಲಿ ಕೆಲಸ ನಿಂತಿತು. ಯೋಜನೆ ಮಾತ್ರ ರದ್ದಾಗಿಲ್ಲ.

ಇತ್ತೀಚಿನ ದಶಕಗಳು

ಮುರಬಾಡ ಪೇಟೆಯ ಪಕ್ಕ ಎಂಐಡಿಸಿಯ ಕೈಗಾರಿಕಾ ವಸಾಹತು ಬಂದಿದೆ. 2016ರ ಡಿಸೆಂಬರ್ 1ರಂದು ಧಸಈ ಗ್ರಾಮ ನಗದುರಹಿತ ಗ್ರಾಮವೆಂದು ದೇಶದಲ್ಲೆಲ್ಲ ಸುದ್ದಿಯಾಯಿತು. ನಗದು ಬೇಗನೆ ಮರಳಿತು. ಹೆಚ್ಚು ಬಾಳಿಕೆಯ ಸುದ್ದಿ ಫಾಂಗಣೆ ಗ್ರಾಮದ್ದು. ಶಿವಜಯಂತಿಯ ದಿನ ಪೋಥಿ ಎಂಬ ಧರ್ಮಗ್ರಂಥ ಓದುವುದನ್ನು ಕೇಳಿದ ಅಜ್ಜಿಯರು ತಮಗೂ ಓದು ಬರಬೇಕೆಂದರು. ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ಯೋಗೇಂದ್ರ ಬಾಂಗರ್ 2016ರ ಮಾರ್ಚ್ 8ರಂದು ‘ಆಜೀಬಾಯೀಚಿ ಶಾಳಾ’, ಎಂದರೆ ಅಜ್ಜಿಯರ ಶಾಲೆ, ತೆರೆದರು. ಅರವತ್ತು ದಾಟಿದ ಹೆಂಗಸರು ಗುಲಾಬಿ ಸೀರೆಯ ಸಮವಸ್ತ್ರ ಉಟ್ಟು, ಪಾಟಿ ಹಿಡಿದು, ಮನೆಗೆಲಸ ಮುಗಿದ ಮಧ್ಯಾಹ್ನ ತರಗತಿಗೆ ಕೂತರು. ಹೆಬ್ಬೆಟ್ಟು ಒತ್ತುತ್ತಿದ್ದವರು ಸಹಿ ಹಾಕಲು ಕಲಿತರು.

ತಾಲೂಕಿಗೆ ರೈಲಿಲ್ಲ. ಕಲ್ಯಾಣ–ಮುರಬಾಡ ಮಾರ್ಗದ ಬೇಡಿಕೆ ಹಳೆಯದು. ಮಾಳಶೇಜ್ ಹತ್ತಿಸಿ ಅಹಿಲ್ಯಾನಗರದವರೆಗೆ ಒಯ್ಯಬೇಕೆಂಬ ಮಾತೂ ಇದೆ. ಸದ್ಯಕ್ಕೆ ಕಲ್ಯಾಣದಿಂದ ಹೊರಡುವ ಎಸ್.ಟಿ. ಬಸ್ಸು, ಷೇರು ಜೀಪುಗಳೇ ಗತಿ. ಜುನ್ನರ, ಓತೂರಿನ ತರಕಾರಿ ಲಾರಿಗಳು ಕಲ್ಯಾಣದ ಮಾರುಕಟ್ಟೆಗೆ ಇಳಿಯುವುದೂ ಮಾಳಶೇಜ್ ಘಾಟಿನಲ್ಲೇ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಆ ದಾರಿ ಮುಚ್ಚುತ್ತದೆ.